ಎಮ್ಮೆ ಯಾರದು ಅಂತ ಬೋರ್ಡು ಹಾಕಿದರೆ ಸಾಕೇ?

"ಹೆಸರು ಹಾಕೀವಲ್ರೀ ಮೇಡಂ!"

ವಕೀಲಳಾದ ನನಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಈಚೆಗೆ ಕೇಳಿದ್ದು ದಾವಣಗೆರೆಯವರೇ ಆದ ಮೂವರು ಇಂಜಿನಿಯರಿಂಗ್ ಹುಡುಗರ ಬಾಯಲ್ಲಿ. ಡೋರೇಮಾನ್ ಕಾರ್ಟೂನಿನ ತುಣುಕುಗಳಿಗೆ ನಮ್ಮ ಕಡೆ ಮಾತು ಕೂರಿಸಿ ಯೂಟ್ಯೂಬಿಗೆ ಹಾಕಿದ್ದರು. ಅದರಲ್ಲಿನ ಹುಡುಗ ನೋಬಿತಾ ಕ್ಲಾಸಿಗೆ ಚಕ್ಕರ್ ಹೊಡೆದು ಗಾಜಿನ ಮನೆ ನೋಡಲು ಹೋಗುತ್ತಾನೆ. ಅವನ ಗೆಳೆಯ, ರೋಬೋಟ್ ಬೆಕ್ಕು ಡೋರೇಮಾನ್, ಹೊಟ್ಟೆಯ ಜೇಬಿನಿಂದ ಮಂಡಕ್ಕಿ, ಮೆಣಸಿನಕಾಯಿ ಪೊಟ್ಟಣ ತೆಗೆದು "ತಿನ್ನಲೇ ತಮ್ಮಾ, ಆಮ್ಯಾಲೆ ಅಳುವಂತಿ" ಅನ್ನುತ್ತಾನೆ. ನಾನು ಬಿದ್ದು ಬಿದ್ದು ನಕ್ಕೆ. ಹೊರಗೆ ಜಮೀನು ವ್ಯಾಜ್ಯದವರು ಕಾಯುತ್ತಿದ್ದರು, ಆದರೂ ಇನ್ನೊಂದು ಹಾಕ್ರೋ ಅಂದೆ.

ಇನ್ನೊಂದು ಇರಲಿಲ್ಲ. ಮಾಲೀಕರ ದೂರಿನ ಮೇಲೆ ಯೂಟ್ಯೂಬಿನವರು ಕಾಪಿರೈಟ್ ಸ್ಟ್ರೈಕ್, ಅಂದರೆ ಚಾನೆಲ್ಲಿಗೆ ಎಚ್ಚರಿಕೆ, ಕೊಟ್ಟು ಅದನ್ನು ತೆಗೆದಿದ್ದರು. ಅದಕ್ಕೇ ನನ್ನ ಹತ್ತಿರ ಬಂದಿದ್ದು. "ಎಲ್ಲ ಹಕ್ಕೂ ಮೂಲ ಮಾಲೀಕರದ್ದು, ನಮಗೆ ದುಡ್ಡಿನ ಆಸೆ ಇಲ್ಲ" ಅಂತ ವಿಡಿಯೋ ಕೆಳಗೆ ಬರೆದದ್ದನ್ನು ಒಬ್ಬ ತೋರಿಸಿದ. ತಾಯಿತ ಕಟ್ಟಿಕೊಂಡಷ್ಟು ಧೈರ್ಯ ಅವನಿಗೆ.

ನೋಡಿ, ಪಕ್ಕದ ಮನೆಯವರ ಎಮ್ಮೆ ಹಾಲು ಕರೆದುಕೊಂಡು ಹೋಗುತ್ತೀರಿ. ಚೆಂಬಿನ ಮೇಲೆ "ಈ ಹಾಲು ಪಕ್ಕದ ಮನೆ ಎಮ್ಮೆಯದು, ನಾನು ಮಾರುವುದಿಲ್ಲ" ಅಂತ ಚೀಟಿ ಅಂಟಿಸುತ್ತೀರಿ. ಕೇಳಿದ ಹಾಗಾಯಿತೇ? ಇಲ್ಲ. ಹೆಸರು ಹೇಳುವುದು ಒಂದು, ಅನುಮತಿ ಕೇಳುವುದು ಇನ್ನೊಂದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲೂ ಅವೆರಡೂ ಬೇರೆ ಬೇರೆ. ಬರೆದವನ ಹೆಸರು ಬರೆದವನಿಗೇ ಸೇರಬೇಕು ಅನ್ನುವುದು 57ನೇ ಕಲಂ. ಅನುಮತಿಯಿಲ್ಲದೆ ಬಳಸಿದರೆ ಉಲ್ಲಂಘನೆ ಅನ್ನುವುದು 51ನೇ ಕಲಂ. 57ಕ್ಕೆ ಮರ್ಯಾದೆ ಕೊಟ್ಟೆ ಅಂತ 51 ನಿಮ್ಮನ್ನು ಬಿಡುವುದಿಲ್ಲ. ವಕೀಲಳಾಗಿ ಇನ್ನೊಂದು ಹೇಳುತ್ತೇನೆ. ಆ ಚೀಟಿ ನಿಮ್ಮನ್ನು ಕಾಯುವುದಿರಲಿ, ಎಮ್ಮೆ ನಿಮ್ಮದಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತು ಅನ್ನುವುದಕ್ಕೆ ಎದುರು ಪಕ್ಷದವರು ಅದನ್ನೇ ಹಾಜರುಪಡಿಸಬಹುದು.

ದುಡ್ಡು ಮಾಡಿಲ್ಲ ಅನ್ನುವುದು ಸ್ವಲ್ಪ ಉಪಯೋಗಕ್ಕೆ ಬಂದೀತು. ಆದರೆ ಅದೊಂದೇ ಸಾಲದು.

ಹುಡುಗರಲ್ಲಿ ಒಬ್ಬ ಚುರುಕು. "ಹಂಗಾದ್ರೆ ಪಂಪ ಮಾಡಿದ್ದೇನ್ರೀ? ವ್ಯಾಸರ ಕಥೆ ತಗಂಡು ಅರ್ಜುನನ ಜಾಗಕ್ಕೆ ತನ್ನ ರಾಜ ಅರಿಕೇಸರಿನ ಕೂರಿಸಲಿಲ್ವಾ?" ಅಂದ. ಆ ಒಂದು ಪ್ರಶ್ನೆಗೆ ಫೀಸು ಬಿಟ್ಟೆ. ಹೌದಪ್ಪ, ಅವನೂ ಮಾಡಿದ್ದು ಅದೇ. ಬಯಲಾಟದವರು ಇಂದಿಗೂ ಮಾಡುವುದು ಅದೇ. ಇಷ್ಟವಾದ ಕಥೆ ಸುಮ್ನೆ ಕೇಳಿ ಕೂರುವ ಜನ ನಾವಲ್ಲ. ಆದರೆ ಮಹಾಭಾರತಕ್ಕೆ ಈಗ ಮಾಲೀಕರಿಲ್ಲ. ಡೋರೇಮಾನ್‌ಗೆ ಇದ್ದಾರೆ. ನಮ್ಮಲ್ಲಿ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ನಡೆಯುತ್ತದೆ.

ಡೋರೇಮಾನ್ ಅಂದಾಗ ನೆನಪಾಯಿತು. ಅದನ್ನು ಬರೆದವರು ಕಥೆಗೆ ಕೊನೆ ಹಾಡದೆ 1996ರಲ್ಲಿ ತೀರಿಕೊಂಡರು. 2005ರಲ್ಲಿ ಜಪಾನಿನ ಒಬ್ಬ ಅಭಿಮಾನಿ, ಅಭಿಮಾನಿಗಳ ನಡುವೆ ಮೊದಲೇ ಓಡಾಡುತ್ತಿದ್ದ ಒಂದು ಕೊನೆಯನ್ನು ಚಿತ್ರಕಥೆ ಪುಸ್ತಕ ಮಾಡಿದ. ಬ್ಯಾಟರಿ ಮುಗಿದು ನಿಂತುಹೋದ ಡೋರೇಮಾನ್‌ನನ್ನು ದೊಡ್ಡವನಾದ ನೋಬಿತಾ ತಾನೇ ಓದಿ ಕಲಿತು ಮತ್ತೆ ಎಬ್ಬಿಸುತ್ತಾನೆ. ಇದನ್ನು ಯಾರಿಗೆ ಹೇಳಿದರೂ ಗಂಟಲು ಕಟ್ಟುತ್ತದೆ. ಆ ಪುಸ್ತಕ 13,000ಕ್ಕೂ ಜಾಸ್ತಿ ಪ್ರತಿ ಮಾರಾಟವಾಯಿತು. ನೋಡಲು ಅಸಲಿಯ ಹಾಗೇ ಇತ್ತು. 2007ರಲ್ಲಿ ಆತ ಪ್ರಕಾಶಕರ ಕ್ಷಮೆ ಕೇಳಿ, ಬಂದ ಲಾಭದಲ್ಲಿ ಪಾಲು ಕೊಟ್ಟ. ಅದೇ ಜಪಾನಿನಲ್ಲಿ 1975ರಿಂದ ಅಭಿಮಾನಿಗಳ ಪುಸ್ತಕಕ್ಕೆಂದೇ ದೊಡ್ಡ ಸಂತೆ ನಡೆಯುತ್ತದೆ, ಮಾಲೀಕರು ಹೆಚ್ಚಾಗಿ ಕಂಡೂ ಕಾಣದ ಹಾಗಿರುತ್ತಾರೆ.

ಗೇಮುಗಳಲ್ಲೂ ಹೀಗೇ. ವರ್ಷಗಟ್ಟಲೆ ಕೂತು ಹಳೆಯ ಮೆಟ್ರಾಯ್ಡ್ ಆಟವೊಂದನ್ನು ಹೊಸದಾಗಿ ಕಟ್ಟಿ 2016ರಲ್ಲಿ ಪುಕ್ಕಟೆ ಕೊಟ್ಟವರಿಗೆ ಕೆಲವೇ ದಿನಗಳಲ್ಲಿ ಅದರ ಮಾಲೀಕ ಕಂಪನಿ ನಿಂಟೆಂಡೊ ಕಡೆಯಿಂದ ತಡೆ ಬಂತು. ಸೇಗಾ ಕಂಪನಿಯಾದರೋ ತನ್ನ ಸೋನಿಕ್ ಆಟದ ಅಭಿಮಾನಿಗಳನ್ನೇ ಕರೆದು ಕೆಲಸ ಕೊಟ್ಟು 2017ರಲ್ಲಿ ಹೊಸ ಆಟ ಹೊರತಂದಿತು. ಮಾಲೀಕರ ಮರ್ಜಿ. ಮರ್ಜಿಯನ್ನು ನಂಬಿ ಚಾನೆಲ್ ನಡೆಸಬಹುದು, ಆದರೆ ಅದನ್ನು ಹಕ್ಕು ಅಂದುಕೊಳ್ಳಬೇಡಿ.

ಹುಡುಗರು ಯೂಟ್ಯೂಬಿಗೆ ಕೌಂಟರ್ ನೋಟಿಫಿಕೇಶನ್, ಅಂದರೆ ಆ ದೂರು ತಪ್ಪು ಅನ್ನುವ ಎದುರು ಅರ್ಜಿ, ಕಳಿಸುವುದರಲ್ಲಿದ್ದರು. ಅದು ಹೋದರೆ ನಿಮ್ಮ ಹೆಸರು, ವಿಳಾಸ ಮಾಲೀಕರ ಕೈ ಸೇರುತ್ತದೆ, ಅವರು 10 ಕೆಲಸದ ದಿನಗಳೊಳಗೆ ಕೋರ್ಟಿಗೆ ಹೋಗಬಹುದು ಅಂದೆ. ಮುಖ ಇಳಿಯಿತು. ಯೂಟ್ಯೂಬ್ ಹೇಳುವ ಪಾಠ ಕೇಳಿ, 90 ದಿನ ತೆಪ್ಪಗಿರಿ, ಸ್ಟ್ರೈಕ್ ಹೋಗುತ್ತದೆ, ಅಷ್ಟರಲ್ಲಿ ಮೂರಾದರೆ ಮಾತ್ರ ಚಾನೆಲ್ ಹೋಗುತ್ತದೆ ಅಂತ ಹೇಳಿ ಕಳಿಸಿದೆ. ನಿಮ್ಮ ಪ್ರಕರಣವೂ ಹೀಗೇ ಅಂದುಕೊಳ್ಳಬೇಡಿ. ಬಂದ ನೋಟಿಸು ಓದದೆ ನಾನು ಏನೂ ಹೇಳಲಾರೆ.

ಆ ವಾರವೇ ಜಗಳೂರು ಕಡೆಯ ಒಬ್ಬ ತಂದೆ ಮಗಳ ನೋಟ್‌ಬುಕ್ ಹಿಡಿದು ಬಂದರು. ಮಗಳೂ ಜೊತೆಗಿದ್ದಳು. ಆರನೇ ಕ್ಲಾಸು. ಶಾಲೆಯಿಂದ ದುರ್ಗದ ಕೋಟೆಗೆ ಪ್ರವಾಸ ಹೋಗಿ ಬಂದವಳು ಟಿವಿ ಕಾರ್ಟೂನಿನ ಛೋಟಾ ಭೀಮನನ್ನು ತನ್ನ ಕಥೆಯಲ್ಲಿ ಅಲ್ಲಿಗೆ ಕಳಿಸಿದ್ದಾಳೆ. ಓಬವ್ವ ನೀರಿಗೆ ಹೋಗಿದ್ದಾಳೆ. ಮನೆಯಲ್ಲಿ ಕಹಳೆಯವನ ಪಕ್ಕ ಭೀಮನೂ ಊಟಕ್ಕೆ ಕೂತಿದ್ದಾನೆ. ಕಿಂಡಿ ಕಡೆ ದಬ್ ದಬ್ ಸದ್ದು. "ಲಾಡು ಮುಗಿಸಿ ಬರ್ತೀನಿ" ಅನ್ನುತ್ತಾನೆ. ಮುಗಿಸಿ ಹೋಗಿ ನೋಡಿದರೆ ಕೆಲಸ ಮುಗಿದಿದೆ. ಓಬವ್ವ ಒನಕೆ ಒರೆಸುತ್ತಾ, "ಬಂದ್ಯಾ? ಬಾ, ಇವುನ್ನ ಎಳಿ" ಅನ್ನುತ್ತಾಳೆ.

ಕೋಟೆಯ ಚಿತ್ರಕ್ಕೆ ಬಳಿದ ಕಂದು ಕ್ರೇಯಾನ್ ಹಿಂದಿನ ಪುಟಕ್ಕೂ ಹತ್ತಿತ್ತು.

ತಂದೆಗೆ ಇದನ್ನು 500 ಪ್ರತಿ ಅಚ್ಚು ಹಾಕಿಸಿ ಮಾರುವ ಆಸೆ. ಮುಖಪುಟಕ್ಕೆ ನೆಟ್ಟಿನಿಂದ ಇಳಿಸಿದ ಭೀಮನ ಚಿತ್ರ. "ಕೊನೇ ಪುಟದಾಗೆ ಕಂಪನಿ ಹೆಸರು ಹಾಕ್ತೀನ್ರಿ." ನಾನು ತಲೆ ಮೇಲೆ ಕೈ ಇಟ್ಟುಕೊಂಡೆ. ಮತ್ತೆ ಎಮ್ಮೆ ಕಥೆ ಹೇಳಿದೆ.

ಭೀಮ ಅನ್ನುವ ಹೆಸರು, ತಿಂಡಿಪೋತ ಬಲಶಾಲಿ ಅನ್ನುವ ಕಲ್ಪನೆ ಯಾರ ಸ್ವತ್ತೂ ಅಲ್ಲ. ಕಲ್ಪನೆಗೆ ಕೃತಿಸ್ವಾಮ್ಯ ಇಲ್ಲ, ಅದನ್ನು ಮೂಡಿಸಿದ ರೀತಿಗಿದೆ ಅಂತ ಸುಪ್ರೀಂ ಕೋರ್ಟು 1978ರಲ್ಲೇ ಹೇಳಿದೆ. ಕಾರ್ಟೂನ್ ಭೀಮನ ಊರು ಢೋಲಕಪುರ, ಗೆಳತಿ ಚುಟ್ಕಿ, ಎದುರಾಳಿ ಕಾಲಿಯಾ, ಆ ಕಿತ್ತಳೆ ಪಂಚೆ ಅದನ್ನು ಮಾಡಿದ ಹೈದರಾಬಾದಿನ ಕಂಪನಿಯವು. ಹಾಗಾಗಿ ಬೇರೆ ಹುಡುಗನನ್ನು ಹಾಕಮ್ಮ, ಹೆಸರೂ ಚಿತ್ರವೂ ನಿನ್ನದೇ ಇರಲಿ ಅಂದೆ.

"ಬೇರೆ ಹುಡುಗ ಆದ್ರೆ ನಗು ಎಲ್ಲಿಂದ ಬರುತ್ತೆ ಆಂಟಿ?"

ಅವಳು ಹೇಳಿದ್ದು ಸರಿ. ಯಾವಾಗಲೂ ಗೆಲ್ಲುವ ಭೀಮನೇ ತಡವಾಗಿ ಬಂದರೆ ಮಾತ್ರ ಅದು ತಮಾಷೆ. ಹೆಸರಾಂತ ಮಲಯಾಳಂ ನಾಟಕವೊಂದರ ಪಾತ್ರಗಳನ್ನೇ ಬಳಸಿ ಅದಕ್ಕೇ ಎದುರುತ್ತರ ಕೊಟ್ಟ ನಾಟಕವನ್ನು ಕೇರಳ ಹೈಕೋರ್ಟು 1996ರಲ್ಲಿ ತಡೆಯಲಿಲ್ಲ. ಎಷ್ಟು ತೆಗೆದುಕೊಂಡಿದ್ದಾರೆ, ಯಾಕೆ, ಅಸಲಿಯ ವ್ಯಾಪಾರಕ್ಕೆ ಪೈಪೋಟಿ ಆಗುತ್ತದೆಯೇ ಅಂತ ನೋಡಿತು. ಅದನ್ನು ಹಿಡಿದು ಇವಳ ಪರ ವಾದ ಮಾಡಬಹುದು. ಆದರೆ ವಾದಕ್ಕೆ ಖರ್ಚಿದೆ, 500 ಪುಸ್ತಕದಿಂದ ಅದು ಹುಟ್ಟುವುದಿಲ್ಲ. ನೋಟ್‌ಬುಕ್ ಮನೆಯಲ್ಲಿದ್ದರೆ ಯಾರೂ ಕೇಳುವುದಿಲ್ಲ, ಸ್ವಂತ ಬಳಕೆಗೆ 52ನೇ ಕಲಂನಲ್ಲೇ ಜಾಗ ಇದೆ. ಶಾಲೆಯಲ್ಲಿ ಮಕ್ಕಳು, ಮೇಷ್ಟ್ರು ಸೇರಿ ನಾಟಕ ಮಾಡಿದರೆ ಅದಕ್ಕೂ ಅಲ್ಲೇ ರಿಯಾಯಿತಿ ಇದೆ. ನೋಡುವವರು ಶಾಲೆಯವರು, ಪೋಷಕರು, ಶಾಲೆಗೆ ಸಂಬಂಧಪಟ್ಟವರು ಮಾತ್ರ ಇರಬೇಕು. ಬೇರೆಯವರ ಪಾತ್ರ ಬಳಸಿದ ಕಥೆಗೂ ಇದು ಪೂರ್ತಿ ಅನ್ವಯಿಸುತ್ತದೋ ಅಂತ ವಾದ ಎತ್ತಬಹುದು, ಆದರೂ ಅಷ್ಟಕ್ಕೆ ನಾನು ಧೈರ್ಯ ಹೇಳಿದೆ.

ಶಾಲಾ ದಿನಾಚರಣೆಗೆ ನಾಟಕ ಗೊತ್ತಾಗಿದೆಯಂತೆ. ಓಬವ್ವ ಅವಳೇ. ನಿನ್ನೆ ಫೋನು ಮಾಡಿ "ಆಂಟಿ, ನೀವು ಬರ್ಲೇಬೇಕು" ಅಂದಳು. ನಾನು ಪೋಷಕಳಲ್ಲ, ಶಾಲೆಗೆ ಸಂಬಂಧಪಟ್ಟವಳೂ ಅಲ್ಲ. ಯಾವ ಲೆಕ್ಕದಲ್ಲಿ ಹೋಗಿ ಕೂರಲಿ ಅಂತ ರಾತ್ರಿಯೆಲ್ಲ 52ನೇ ಕಲಂ ತಿರುವಿ ಹಾಕುತ್ತಿದ್ದೇನೆ.