ಹಗಲಲ್ಲಿ ಕಂಡ ನರಿಗೆಲ್ಲ ಹುಚ್ಚಿಲ್ಲ

ಹಾಡಹಗಲಲ್ಲಿ ಹೊಲದ ಬದುವಿನ ಮೇಲೆ ನರಿ ಕಂಡರೆ ಸಾಕು, ಹುಚ್ಚು (ರೇಬಿಸ್) ಹಿಡಿದಿದೆ ಎಂಬ ಸುದ್ದಿ ಊರೆಲ್ಲ ಹಬ್ಬುತ್ತದೆ. ಮರಿ ಹಾಕಿದ ನರಿ ಹೊಟ್ಟೆಪಾಡಿಗೆ ಹಗಲಲ್ಲೂ ಓಡಾಡುತ್ತದೆ. ಮುಂಗುಸಿಯಂತೂ ಹಗಲಿನ ಪ್ರಾಣಿಯೇ. ನೋಡಬೇಕಾದದ್ದು ಹೊತ್ತನ್ನಲ್ಲ, ಅದರ ಅಂಜಿಕೆಯನ್ನು. ರೇಬಿಸ್ ತಗಲಿದ ನರಿ ಕೂಗಿದರೂ ಕಲ್ಲೆಸೆದರೂ ಜಗ್ಗುವುದಿಲ್ಲ. ಜನರ ನಡುವೆ ನುಗ್ಗಿ ದನ, ನಾಯಿ, ಮನುಷ್ಯ ಎನ್ನದೆ ಎದುರಾದದ್ದನ್ನು ಕಚ್ಚುತ್ತ ಸಾಗುತ್ತದೆ. ಹಸಿದ ತೋಳ ಒಂದು ಕುರಿಯನ್ನು ಹಿಡಿದು ಎಳೆದೊಯ್ಯುತ್ತದೆ. ರೇಬಿಸ್ ಬಂದ ತೋಳ ಹಲವರನ್ನು ಕಚ್ಚಿಯೂ ಏನನ್ನೂ ತಿನ್ನದೆ ಹೋಗುತ್ತದೆ.

ಕೆರಳದೆ ಮಂಕಾಗುವ ಬಗೆಯೂ ಉಂಟು. ಹೆಚ್ಚು ಮೋಸ ಹೋಗುವುದು ಅಲ್ಲೇ. ಕೆಳದವಡೆ ಜೋತುಬಿದ್ದು, ಜೊಲ್ಲು ಸುರಿಸುತ್ತ, ಹಿಂಗಾಲು ಎಳೆಯುತ್ತ ಪೊದೆಯಲ್ಲಿ ಮುದುಡಿದ ಪ್ರಾಣಿಗೆ ಪಾಪವೆಂದು ನೀರು ಕುಡಿಸಲು ಹೋಗುತ್ತಾರೆ. ನೀರಿಗೆ ಬಾಯಿ ಹಾಕಿದರೆ ರೇಬಿಸ್ ಅಲ್ಲ ಎಂಬ ನಂಬಿಕೆ ಬೇರೆ. ನೀರಿನ ಭಯ ಮನುಷ್ಯರಲ್ಲಿ ಕಾಣುವ ಲಕ್ಷಣ. ಪ್ರಾಣಿ ನೀರಿಗೆ ಹೆದರುವುದಿಲ್ಲ, ಗಂಟಲು ಸೋತು ನುಂಗಲಾರದೆ ಒದ್ದಾಡುತ್ತದೆ.

ಕೀಟನಾಶಕ ಹೊಟ್ಟೆಗೆ ಹೋದಾಗಲೂ ಜೊಲ್ಲು, ನಡುಕ ಇರುತ್ತವೆ. ಆಗ ಕಣ್ಣಪಾಪೆ ಸಾಮಾನ್ಯವಾಗಿ ಸಾಸಿವೆಯಷ್ಟು ಕಿರಿದಾಗಿರುತ್ತದೆ. ನಾಯಿ ಜಾತಿಯ ಪ್ರಾಣಿಗಳ ವೈರಾಣು ರೋಗವಾದ ಡಿಸ್ಟೆಂಪರ್‌ನಲ್ಲಿ ಕಣ್ಣು, ಮೂಗಿನಿಂದ ಕೀವು ಸೋರುವುದು ಹೆಚ್ಚು. ಇವನ್ನು ನೋಡಲು ಹತ್ತಿರ ಹೋಗಬೇಡಿ. ದೂರದಿಂದ ವಿಡಿಯೊ ಮಾಡಿ, ಮಕ್ಕಳನ್ನೂ ನಾಯಿಗಳನ್ನೂ ಒಳಗಿಟ್ಟು, ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ.

ಕಚ್ಚಿಸಿಕೊಂಡವರು ಲಕ್ಷಣ ಲೆಕ್ಕ ಹಾಕುತ್ತ ಕೂರಬಾರದು. ನಾಯಿ, ಬೆಕ್ಕುಗಳನ್ನು 10 ದಿನ ಕಾದು ನೋಡುವ ಕ್ರಮ ಕಾಡುಪ್ರಾಣಿಗೆ ಅನ್ವಯಿಸದು. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಸಿನ, ಖಾರದಪುಡಿ ಯಾವುದೂ ಬೇಡ. ಕಾಡುಪ್ರಾಣಿಯ ಕಡಿತವನ್ನು ಮೂರನೇ ವರ್ಗದ, ಅಂದರೆ ಅತಿ ಗಂಭೀರ ಗಾಯವೆಂದೇ ಪರಿಗಣಿಸಬೇಕು: ಲಸಿಕೆಯ ಜೊತೆಗೆ ಗಾಯದ ಒಳಕ್ಕೂ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಮದ್ದು) ಚುಚ್ಚಬೇಕು. ಲಸಿಕೆ ಕೆಲಸ ಶುರುಮಾಡಲು ವಾರ ದಾಟುತ್ತದೆ. ಅಲ್ಲಿಯವರೆಗೆ ವೈರಾಣುವನ್ನು ಗಾಯದಲ್ಲೇ ತಡೆಯುವುದು ಈ ಇಮ್ಯುನೊಗ್ಲಾಬ್ಯುಲಿನ್ನೇ. ಚರ್ಮದೊಳಗೆ ಕೊಡುವ ಲಸಿಕೆಯಾದರೆ 0, 3, 7, 28ನೇ ದಿನ.

ಪ್ರಾಣಿ ಸತ್ತರೆ ಅದರ ತಲೆಗೆ ಪೆಟ್ಟಾಗಬಾರದು, ಬರಿಗೈಲಿ ಮುಟ್ಟಲೂಬಾರದು. ರೋಗ ಖಚಿತವಾಗುವುದು ಮಿದುಳಿನ ಪರೀಕ್ಷೆಯಲ್ಲಿ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅದರ ಪ್ರಯೋಗಾಲಯವಿದೆ. ಮಾದರಿಯನ್ನು ತರಬೇತಾದ ಸಿಬ್ಬಂದಿ ತೆಗೆದು, ಫಾರ್ಮಲಿನ್‌ನಲ್ಲಿ ಅದ್ದದೆ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತಂಪಾಗಿ ಕಳಿಸಬೇಕು. ಬಿಸಿಲಲ್ಲಿ ಕೊಳೆತರೆ ಫಲಿತಾಂಶ ನಂಬಲಾಗದು.