ಘಾಟಿಯಲ್ಲಿ ಕುದಿದ ಲಾರಿ ಎಂಜಿನ್: ಹೆಡ್ ಬಿಚ್ಚುವ ಮೊದಲು

ಹುಲಿಕಲ್ ಘಾಟಿ ಹತ್ತುವಾಗ ಲೋಡ್ ಲಾರಿ ಕುದ್ದು ನಿಂತು, ಎಳೆಸಿಕೊಂಡು ಶಿವಮೊಗ್ಗದ ಗ್ಯಾರೇಜಿಗೆ ಬಂತು ಎಂದುಕೊಳ್ಳಿ. ನೋಡಿದ ಕೂಡಲೇ ಬರುವ ತೀರ್ಪು ಒಂದೇ: ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಮುಚ್ಚಳವಾದ ಹೆಡ್ ನಡುವಿನ ಸೀಲ್) ಹೋಗಿದೆ. ಹೋಗಿರಲೂಬಹುದು. ಆದರೆ ಬಿರುಕು ಬಿಟ್ಟ ಹೆಡ್, ಒಡೆದ ಆಯಿಲ್ ಕೂಲರ್, ಸುಟ್ಟ ಲೈನರ್ ಓ-ರಿಂಗ್ (ಪಿಸ್ಟನ್ ಓಡಾಡುವ ಕೊಳವೆಯಾದ ಲೈನರ್‌ನ ರಬ್ಬರ್ ಸೀಲ್), ಕೊನೆಗೆ ಬ್ರೇಕಿನ ಏರ್ ಕಂಪ್ರೆಸರ್ ಕೂಡ ಹೆಚ್ಚುಕಡಿಮೆ ಇವೇ ಲಕ್ಷಣ ತೋರಿಸುತ್ತವೆ. ಹೆಡ್ ಎತ್ತಿಬಿಟ್ಟರೆ ಒತ್ತಡ ಕೊಟ್ಟು ಇವನ್ನು ಬೇರೆ ಬೇರೆ ಮಾಡಿ ನೋಡಲು ಆಗುವುದಿಲ್ಲ. ಹಾಗಾಗಿ ನಿಂತ ಎಂಜಿನ್‌ನ ಪರೀಕ್ಷೆ ಮೊದಲು, ಓಡುವ ಎಂಜಿನ್‌ನದು ಆಮೇಲೆ, ಬಿಚ್ಚುವುದು ಕೊನೆಗೆ.

ಚಾಲಕರನ್ನು ಕೇಳಬೇಕಾದ್ದು

ಟೆಂಪರೇಚರ್ ಮುಳ್ಳು ಎಲ್ಲಿಯವರೆಗೆ ಹೋಯಿತು ಎಂಬುದಕ್ಕಿಂತ, ಏರಿದ ಮುಳ್ಳು ಇದ್ದಕ್ಕಿದ್ದಂತೆ ಇಳಿಯಿತೇ ಎಂದು ಕೇಳಿ. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಅಳೆಯುತ್ತದೆ. ನೀರು ಖಾಲಿಯಾಗಿ ಅದರ ಸುತ್ತ ಬರೀ ಹಬೆ ಉಳಿದರೆ ಮುಳ್ಳು ಕೆಳಗೆ ಬೀಳಬಹುದು. 'ತಣ್ಣಗಾಯ್ತು' ಅಂದುಕೊಂಡು ಮುಂದೆ ಓಡಿಸಿದ ಆ ಒಂದೆರಡು ಕಿಲೋಮೀಟರಿನಲ್ಲೇ ಪಿಸ್ಟನ್ ಹಾಳಾಗುವುದು. ಎಂಜಿನ್ ತಾನೇ ನಿಂತಿತೇ, ಅಥವಾ ಇವರು ನಿಲ್ಲಿಸಿದರೇ? ತಾನೇ ನಿಂತಿದ್ದರೆ ಪಿಸ್ಟನ್ ಹಿಡಿದಿದೆ ಎಂದೇ ಹೊರಡಿ. ಅಲ್ಯುಮಿನಿಯಂ ಪಿಸ್ಟನ್ ಬೀಡು ಕಬ್ಬಿಣದ ಲೈನರ್‌ಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಮಧ್ಯದ ಸಂದು ಮುಚ್ಚಿ ಆಯಿಲ್ ಪದರ ಹರಿದು ಲೋಹಕ್ಕೆ ಲೋಹ ಉಜ್ಜುತ್ತದೆ. ತಣ್ಣಗಾದ ಮೇಲೆ ಮತ್ತೆ ತಿರುಗುತ್ತದೆ, ಆದರೆ ಗೀರು ಉಳಿದಿರುತ್ತದೆ. ಕಾದ ಎಂಜಿನ್‌ಗೆ ಹಳ್ಳದ ತಣ್ಣೀರು ಸುರಿದಿದ್ದಾರಾ ಎಂದೂ ಕೇಳಿ. ಹೌದೆಂದರೆ ಹೆಡ್ ಬಿರುಕಿನ ಅನುಮಾನ ಜಾಸ್ತಿ.

ಸೆಲ್ಫ್ ಹೊಡೆಯುವ ಮೊದಲು

ಎಂಜಿನ್ ಪೂರ್ತಿ ತಣ್ಣಗಾಗಲಿ. ರಾತ್ರಿಯಿಡೀ ನಿಂತರೆ ಇನ್ನೂ ಒಳ್ಳೆಯದು, ಏಕೆಂದರೆ ನೀರು ಆಯಿಲ್‌ಗಿಂತ ಭಾರ, ಚೇಂಬರಿನ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿಯ) ತಳಕ್ಕೆ ಇಳಿದಿರುತ್ತದೆ. ಡ್ರೈನ್ ಬೋಲ್ಟನ್ನು ಪೂರ್ತಿ ತೆಗೆಯದೆ ನಿಧಾನ ಸಡಿಲಿಸಿ, ಮೊದಲು ಬರುವ ಹನಿಗಳನ್ನು ಗಾಜಿನ ಲೋಟದಲ್ಲಿ ಹಿಡಿಯಿರಿ. ನೀರು ಬಂದರೆ ವಿಷಯ ಖಚಿತ. ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಏರಿದೆಯೇ, ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದೆಯೇ ನೋಡಿ. ಅನುಮಾನವಿದ್ದರೆ ಕಾದ ಕಬ್ಬಿಣದ ತಗಡಿನ ಮೇಲೆ ಎರಡು ಹನಿ ಆಯಿಲ್ ಬಿಡಿ; ನೀರಿದ್ದರೆ ಚಟಪಟ ಸಿಡಿಯುತ್ತದೆ.

ಮಲೆನಾಡಿನವರಿಗೆ ಇಲ್ಲೊಂದು ಎಚ್ಚರಿಕೆ. ಮಳೆಗಾಲದಲ್ಲಿ ಸಣ್ಣ ಸಣ್ಣ ಟ್ರಿಪ್ ಹೊಡೆಯುವ ಗಾಡಿಗಳ ಆಯಿಲ್ ಕ್ಯಾಪಿನ ಒಳಗೆ ಬೆಣ್ಣೆಯಂಥ ಲೋಳೆ ಕಟ್ಟುತ್ತದೆ. ಅದು ಗಾಳಿಯ ತೇವ ಇಬ್ಬನಿಯಾಗಿ ಇಳಿದದ್ದು. ಕ್ಯಾಪಿನಲ್ಲಿ ಮಾತ್ರ ಲೋಳೆ, ಡಿಪ್‌ಸ್ಟಿಕ್ ಶುದ್ಧ, ಕೂಲೆಂಟ್ ಇಳಿದಿಲ್ಲ ಎಂದರೆ ಹೆಡ್ ಮುಟ್ಟಬೇಡಿ.

ಆಮೇಲೆ ನಾಝಲ್‌ಗಳನ್ನೆಲ್ಲ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗಗಳು) ಬಿಚ್ಚಿ, ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ನಾಲ್ಕು ಸ್ಟ್ರೋಕಿನ ಎಂಜಿನ್ ಆದ್ದರಿಂದ ಎರಡು ಸುತ್ತಿಗೆ ಪ್ರತಿ ಪಿಸ್ಟನ್ನೂ ಒಮ್ಮೆ ಕಂಪ್ರೆಷನ್‌ಗೆ ಬರುತ್ತದೆ. ಯಾವ ರಂಧ್ರದಿಂದ ನೀರು ಚಿಮ್ಮುತ್ತದೋ ಆ ಸಿಲಿಂಡರ್ ಸಿಕ್ಕಿತು. ಈ ಕೆಲಸ ಬಿಟ್ಟು ನೇರ ಸೆಲ್ಫ್ ಹೊಡೆದರೆ, ಪಿಸ್ಟನ್ ಮೇಲಿನ ನೀರು ಅಮುಕಿಸಿಕೊಳ್ಳದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಗ್ಯಾಸ್ಕೆಟ್ ಖರ್ಚಿನಲ್ಲಿ ಮುಗಿಯುವುದು ಅಲ್ಲಿಗೆ ಫುಲ್ ಎಂಜಿನ್ ಕೆಲಸವಾಗುತ್ತದೆ.

ಒತ್ತಡದ ಪರೀಕ್ಷೆ

ರೇಡಿಯೇಟರ್ ತುಂಬಿಸಿ, ಕ್ಯಾಪ್ ಮೇಲೆ ಬರೆದಿರುವಷ್ಟೇ ಒತ್ತಡ (ಸಾಮಾನ್ಯವಾಗಿ 0.7 ರಿಂದ 1 ಬಾರ್) ಕೈಪಂಪಿನಿಂದ ಕೊಟ್ಟು 15 ನಿಮಿಷ ಬಿಡಿ. ಪಂಪಿನ ಗೇಜ್ ಮುಳ್ಳು ಇಳಿದರೆ ಮೊದಲು ಹೊರಗಿನ ಸೋರಿಕೆ ಹುಡುಕಿ: ಹೋಸ್, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ಹೀಟರ್ ಪೈಪ್. ಹೊರಗೆಲ್ಲೂ ಇಲ್ಲವೆಂದರೆ ಚೇಂಬರ್ ಇಳಿಸಿ, ಒತ್ತಡ ಹಾಗೇ ಇಟ್ಟುಕೊಂಡು ಟಾರ್ಚ್ ಹಿಡಿದು ಕೆಳಗಿನಿಂದ ನೋಡಿ. ಲೈನರ್‌ನ ಹೊರಮೈ ಮತ್ತು ಬ್ಲಾಕ್ ಸೇರುವಲ್ಲಿ ಹನಿದರೆ ಓ-ರಿಂಗ್. ಲೈನರ್‌ನ ಒಳಗೋಡೆ ಅಥವಾ ಪಿಸ್ಟನ್ ಪಕ್ಕದಿಂದ ಇಳಿದರೆ ಗ್ಯಾಸ್ಕೆಟ್, ಹೆಡ್ ಬಿರುಕು ಅಥವಾ ತೂತಾದ ಲೈನರ್. ಕೂಲೆಂಟ್ ಹಾಕದೆ ವರ್ಷಗಟ್ಟಲೆ ಹಳ್ಳದ ನೀರಿನಲ್ಲೇ ಓಡಿದ ವೆಟ್ ಲೈನರ್ (ಹೊರಮೈಗೆ ನೇರ ನೀರು ತಾಗುವ ಲೈನರ್) ಎಂಜಿನ್‌ನಲ್ಲಿ ಈ ಕೊನೆಯದನ್ನು ಮರೆಯಬೇಡಿ: ಲೈನರ್ ಕಂಪಿಸುವಾಗ ಹುಟ್ಟಿ ಒಡೆಯುವ ಗುಳ್ಳೆಗಳು ಹೊರಮೈಯನ್ನು ಸೂಜಿಮೊನೆಯಷ್ಟು ತಿನ್ನುತ್ತಾ ಒಳಗೆ ತೂತು ಮಾಡುತ್ತವೆ.

ಚೇಂಬರ್ ಇಳಿಸಿರುವಾಗಲೇ ಲೈನರ್‌ನ ಕೆಳಭಾಗದಲ್ಲಿ ಉದ್ದುದ್ದ ಗೀರುಗಳಿವೆಯೇ ನೋಡಿಬಿಡಿ. ಆಯಿಲ್ ಫಿಲ್ಟರನ್ನು ಕತ್ತರಿಸಿ ಕಾಗದ ಬಿಡಿಸಿ. ಬೆಳ್ಳಗೆ ಹೊಳೆಯುವ, ಮ್ಯಾಗ್ನೆಟ್‌ಗೆ ಅಂಟದ ಪುಡಿ ಪಿಸ್ಟನ್‌ನದು. ತಾಮ್ರದ ಬಣ್ಣ ಕಂಡರೆ ಬೇರಿಂಗ್. ಮ್ಯಾಗ್ನೆಟ್‌ಗೆ ಅಂಟಿದರೆ ರಿಂಗ್ ಅಥವಾ ಲೈನರ್. ಆಯಿಲ್‌ನಲ್ಲಿ ನೀರು ಸೇರಿದ್ದರೆ ಒಂದಾದರೂ ಬಿಗ್ ಎಂಡ್ ಬೇರಿಂಗ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವಲ್ಲಿನದು) ಬಿಚ್ಚಿ ನೋಡದೆ ಚೇಂಬರ್ ಮುಚ್ಚಬಾರದು.

ರೇಡಿಯೇಟರಿನಲ್ಲಿ ಗುಳ್ಳೆ, ಆಯಿಲ್

ಇಲ್ಲಿಯವರೆಗೆ ದೊಡ್ಡ ಹಾನಿ ಕಾಣದಿದ್ದರೆ ಮಾತ್ರ ಎಲ್ಲ ಜೋಡಿಸಿ ಹೊಸ ಆಯಿಲ್ ಹಾಕಿ ಸ್ಟಾರ್ಟ್ ಮಾಡಿ. ಚಕ್ರಕ್ಕೆ ಅಡೆ ಕೊಡಿ, ಏರ್ ಟ್ಯಾಂಕ್‌ಗಳನ್ನು ಖಾಲಿ ಮಾಡಿ, ರೇಡಿಯೇಟರ್ ಕಂಠಮಟ್ಟ ತುಂಬಿಸಿ, ಕ್ಯಾಪ್ ತೆಗೆದಿಟ್ಟು, ಎಂಜಿನ್ ತಣ್ಣಗಿರುವಾಗಲೇ ಶುರು ಮಾಡಿ. ಥರ್ಮೋಸ್ಟಾಟ್ (ನೀರು ಬಿಸಿಯಾದಾಗ ರೇಡಿಯೇಟರಿಗೆ ದಾರಿ ಬಿಡುವ ವಾಲ್ವ್) ತೆರೆಯುವ ಮೊದಲಿನ ಕೆಲವು ನಿಮಿಷಗಳೇ ನಿಮಗೆ ಬೇಕಾದ್ದು. ಸತತವಾಗಿ ಗುಳ್ಳೆ ಬಂದರೆ ಗ್ಯಾಸ್ಕೆಟ್ ಎನ್ನುವ ಮೊದಲು ಏರ್ ಗೇಜ್ ನೋಡುತ್ತಿರಿ. ಬಹಳಷ್ಟು ಲಾರಿಗಳಲ್ಲಿ ಏರ್ ಕಂಪ್ರೆಸರ್ ಹೆಡ್ ಕೂಡ ಎಂಜಿನ್ ನೀರಿನಿಂದಲೇ ತಣ್ಣಗಾಗುತ್ತದೆ. ಅದರ ಗ್ಯಾಸ್ಕೆಟ್ ಹೋದರೆ ಬ್ರೇಕಿನ ಗಾಳಿ ರೇಡಿಯೇಟರಿಗೆ ನುಗ್ಗುತ್ತದೆ. ಸುಮಾರು 8 ಬಾರ್‌ಗೆ ಗವರ್ನರ್ (ಟ್ಯಾಂಕ್ ತುಂಬಿದಾಗ ಕಂಪ್ರೆಸರ್ ಗಾಳಿ ತುಂಬುವುದನ್ನು ನಿಲ್ಲಿಸುವ ವಾಲ್ವ್) ಪುಸ್ಸೆಂದು ಬಿಟ್ಟೊಡನೆ ಗುಳ್ಳೆ ನಿಂತರೆ ತಪ್ಪು ಕಂಪ್ರೆಸರಿನದು. ಅಂಗೈಯಗಲದ ಗ್ಯಾಸ್ಕೆಟ್ ಬದಲಿಸುವುದರ ಬದಲು ಎಂಜಿನ್ ಹೆಡ್ ಇಳಿಸುವ ಎಡವಟ್ಟು ಈ ಒಂದು ಪರೀಕ್ಷೆಯಿಂದ ತಪ್ಪುತ್ತದೆ.

ಆಮೇಲೂ ಗುಳ್ಳೆ ನಿಲ್ಲದೆ ಬಂದರೆ ಸಿಲಿಂಡರಿನ ಗ್ಯಾಸ್. ಹಳೆಯ ಪಂಪ್ ಎಂಜಿನ್‌ನಲ್ಲಿ ಒಂದೊಂದೇ ನಾಝಲ್ ಪೈಪ್ ಸಡಿಲಿಸಿ, ಯಾವುದಕ್ಕೆ ಗುಳ್ಳೆ ಕಡಿಮೆಯಾಯಿತು ಎಂದು ಹಿಡಿಯಬಹುದು. ಕಾಮನ್ ರೇಲ್ ಎಂಜಿನ್‌ನಲ್ಲಿ (ಎಲ್ಲ ನಾಝಲ್‌ಗೂ ಒಂದೇ ಒತ್ತಡದ ಪೈಪಿನಿಂದ ಡೀಸೆಲ್ ಹೋಗುವ ಹೊಸ ಬಗೆ) ಹಾಗೆ ಮಾಡಲೇಬಾರದು. ಅಲ್ಲಿ ಡೀಸೆಲ್ ಒತ್ತಡ ಸಾವಿರ ಬಾರ್ ದಾಟುತ್ತದೆ, ಚರ್ಮ ಸೀಳಿ ಒಳಹೋಗುತ್ತದೆ. ಸ್ಕ್ಯಾನರ್‌ನಿಂದ ಸಿಲಿಂಡರ್ ಕಟ್ ಮಾಡಿ.

ಗುಳ್ಳೆಯಿಲ್ಲ, ಆದರೆ ನೀರಿನ ಮೇಲೆ ದಪ್ಪ ಆಯಿಲ್ ತೇಲುತ್ತಿದೆ ಎಂದರೆ ಮೊದಲು ಆಯಿಲ್ ಕೂಲರ್ ಬಿಚ್ಚಿ. ಎಂಜಿನ್ ಓಡುವಾಗ ಆಯಿಲ್ ಒತ್ತಡ ನೀರಿನದಕ್ಕಿಂತ ಹೆಚ್ಚು, ಆದ್ದರಿಂದ ಆಯಿಲ್ ನೀರಿಗೆ ಹೋಗುತ್ತದೆ; ನಿಂತ ಮೇಲೆ ಉಳಿದ ಒತ್ತಡಕ್ಕೆ ನೀರು ಆಯಿಲ್‌ಗೆ ಬರುತ್ತದೆ.

ಕಂಪ್ರೆಷನ್ ಅಳೆದಾಗ ಪಕ್ಕಪಕ್ಕದ ಎರಡು ಸಿಲಿಂಡರ್ ಮಾತ್ರ ಕಡಿಮೆ ಇದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿದೆ. ಎಲ್ಲವೂ ಕಡಿಮೆ, ಬ್ರೀದರ್‌ನಲ್ಲಿ (ಎಂಜಿನ್ ಒಳಗಿನ ಗಾಳಿ ಹೊರಬಿಡುವ ಪೈಪ್) ಹೊಗೆ ಜೋರು ಎಂದರೆ ರಿಂಗ್‌ಗಳು ಕಾದು ಬಿಗಿ ಕಳೆದುಕೊಂಡಿವೆ. ಹೆಡ್ ಕೆಲಸ ಮಾತ್ರ ಮಾಡಿ ಕಳಿಸಿದರೆ ಗಾಡಿ ವಾಪಸ್ ಬರುತ್ತದೆ. ಬೋರಿಗೆ ಆಯಿಲ್ ಹಾಕಿ ಮತ್ತೆ ಅಳೆಯುವ ಪೆಟ್ರೋಲ್ ಎಂಜಿನ್ ಪದ್ಧತಿ ಇಲ್ಲಿ ಬೇಡ: ಡೀಸೆಲ್‌ನಲ್ಲಿ ಪಿಸ್ಟನ್ ಮೇಲಿನ ಜಾಗ ಬಲು ಚಿಕ್ಕದು, ಆಯಿಲ್ ಅದನ್ನೇ ತುಂಬಿ ಸುಳ್ಳು ಅಂಕಿ ಕೊಡುತ್ತದೆ.

ಹೆಡ್ ಇಳಿಸಿದ ಮೇಲೆ

ಬೋಲ್ಟುಗಳನ್ನು ತಣ್ಣಗಿರುವಾಗ, ಹೊರಗಿನಿಂದ ಒಳಕ್ಕೆ, ಎರಡು ಮೂರು ಸರದಿಯಲ್ಲಿ ಸಡಿಲಿಸಿ. ಸ್ಟ್ರೇಟ್ ಎಡ್ಜನ್ನು ಉದ್ದಕ್ಕೆ, ಅಡ್ಡಕ್ಕೆ, ಎರಡೂ ಕರ್ಣಕ್ಕೆ ಇಟ್ಟು, ಕೆಳಗಿನ ಸಂದಿಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ. ಮಿತಿ ಎಷ್ಟೆಂದು ಆ ಎಂಜಿನ್‌ನ ಮ್ಯಾನುಯಲ್ ಹೇಳಬೇಕು. ಬಿರುಕು ಹೆಚ್ಚಾಗಿ ವಾಲ್ವ್ ಸೀಟುಗಳ ನಡುವೆ ಅಥವಾ ಸೀಟಿನಿಂದ ನಾಝಲ್ ರಂಧ್ರಕ್ಕೆ. ಕಣ್ಣಿಗೆ ಕಾಣದಿದ್ದರೆ ಹೆಡ್ಡನ್ನು ಬಿಸಿನೀರಿನಲ್ಲಿ ಮುಳುಗಿಸಿ ಗಾಳಿ ಕೊಟ್ಟು ಪರೀಕ್ಷಿಸಲು ಹೇಳಿ. ತಣ್ಣಗಿರುವಾಗ ಮುಚ್ಚಿಕೊಳ್ಳುವ ಬಿರುಕು ಬಿಸಿಗೆ ಬಾಯಿ ಬಿಡುತ್ತದೆ. ಫೇಸಿಂಗ್ (ಹೆಡ್ಡಿನ ಮೈ ಸಮತಟ್ಟಾಗಿ ಹೆರೆಯುವುದು) ಮಾಡಿಸಿದರೆ ವಾಲ್ವ್ ಎಷ್ಟು ಒಳಗಿದೆ, ನಾಝಲ್ ತುದಿ ಎಷ್ಟು ಹೊರಗಿದೆ ಎಂದು ಮತ್ತೆ ಅಳೆಯಬೇಕು. ಲೈನರ್ ಬ್ಲಾಕ್‌ಗಿಂತ ಎಷ್ಟು ಮೇಲಿದೆ ಎಂಬುದನ್ನು ಡಯಲ್ ಗೇಜ್‌ನಲ್ಲಿ ನಾಲ್ಕು ಕಡೆ ನೋಡಿ. ಒಂದು ಲೈನರ್ ಕುಸಿದಿದ್ದರೆ ಹೊಸ ಗ್ಯಾಸ್ಕೆಟ್ ಅದೇ ಜಾಗದಲ್ಲಿ ಮತ್ತೆ ಸುಡುತ್ತದೆ.

ಕುದಿದದ್ದೇಕೆ ಎಂಬುದು ಸಿಗದೆ ಗಾಡಿ ಬಿಡಬೇಡಿ. ನಮ್ಮ ಕಡೆ ಮೊದಲು ನೋಡಬೇಕಾದ್ದು ಇಂಟರ್‌ಕೂಲರ್ (ಎಂಜಿನ್‌ಗೆ ಹೋಗುವ ಗಾಳಿ ತಣಿಸುವ ಭಾಗ) ಮತ್ತು ರೇಡಿಯೇಟರ್ ನಡುವಿನ ಸಂದು. ತೋಟದ ರಸ್ತೆಯ ಕೆಮ್ಮಣ್ಣು, ಅಡಿಕೆ ಸಿಪ್ಪೆಯ ನಾರು ಅಲ್ಲಿ ಕಂಬಳಿಯಂತೆ ಕೂತಿರುತ್ತದೆ, ಮುಂದಿನಿಂದ ಕಾಣುವುದಿಲ್ಲ. ಎರಡನ್ನೂ ಬೇರ್ಪಡಿಸಿ ಫ್ಯಾನ್ ಕಡೆಯಿಂದ ಮುಂದಕ್ಕೆ ನೀರು ಹೊಡೆಯಿರಿ, ಫಿನ್ ಮಡಚದಷ್ಟು ಒತ್ತಡದಲ್ಲಿ. ಜೊತೆಗೆ ಕ್ಯಾಪ್: 1 ಬಾರ್ ಹಿಡಿಯುವ ಕ್ಯಾಪ್ ಇದ್ದರೆ ನೀರು ಸುಮಾರು 120 ಡಿಗ್ರಿವರೆಗೆ ಕುದಿಯುವುದಿಲ್ಲ, ರಬ್ಬರ್ ಹೋದ ಕ್ಯಾಪ್‌ನಲ್ಲಿ ಘಾಟಿಯ ಮೇಲೆ 100 ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ.