ಕೂಸು ಎದೆ ಬಿಡ್ತಾನೇ ಇಲ್ಲ, ನನ್ನ ಹಾಲು ಸಾಲ್ತಿಲ್ಲವಾ?

ಪ್ರಶ್ನೆ: ಕೂಸಿಗೆ 20 ದಿನ. ಬಾಣಂತನಕ್ಕೆ ಶಹಾಪುರದ ತವರಿಗೆ ಬಂದಿದ್ದೇನೆ. ಸಂಜೆಯಾದರೆ ಕೂಸು ಎದೆ ಬಿಡಲ್ಲ, ಬಿಡಿಸಿದರೆ ಅಳುತ್ತದೆ. ನೋಡಲು ಬಂದವರೆಲ್ಲ ‘ಹಾಲು ಸಾಲವಲ್ದು, ಡಬ್ಬಿ ಹಾಲು ಹಾಕವಾ’ ಅಂತಾರೆ. ಏನು ಮಾಡಲಿ?

ಉತ್ತರ: ಅಳುವನ್ನಲ್ಲ, ಕೂಸಿನ ಬಟ್ಟೆ ನೋಡಿ. ದಿನಕ್ಕೆ 6 ಸಲವಾದರೂ ಒದ್ದೆಯಾಗುತ್ತಿದೆಯಾ? ಉಚ್ಚೆ ತಿಳಿಯಾಗಿದೆಯಾ? ಹಾಗಿದ್ದರೆ ಬಹುತೇಕ ಹಾಲು ಸಾಲುತ್ತಿದೆ. ಇನ್ನೊಂದು ತೂಕ. ಹುಟ್ಟಿದ ಮೊದಲ ದಿನಗಳಲ್ಲಿ ಅದು ಸ್ವಲ್ಪ ಇಳಿಯುತ್ತದೆ, ಎರಡು ವಾರದ ಹೊತ್ತಿಗೆ ವಾಪಸ್ ಬರಬೇಕು. 21ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬರುವ ದಿನ. ಆದರೆ ನೀವು ಗಂಡನ ಮನೆ ಊರಿನ ಪಟ್ಟಿಯಲ್ಲಿರಬಹುದು, ಹಾಗಾಗಿ ತವರಿನ ಆಶಾಗೆ ಇವತ್ತೇ ಹೇಳಿ ಕಳಿಸಿ. ತೂಕ ಹಾಕಿಸಿ, ತಾಯಿ ಕಾರ್ಡ್ ತೆಗೆದು ಅದರಲ್ಲಿ ಬರೆದ ಹುಟ್ಟಿದಾಗಿನ ತೂಕಕ್ಕೆ ಹೋಲಿಸಿ.

ಸಂಜೆ ಹೊತ್ತು ಬಿಡದೆ ಕುಡಿಯೋದು ಈ ವಯಸ್ಸಿನ ಕೂಸುಗಳ ಚಾಳಿ. ದಿನಕ್ಕೆ 8ರಿಂದ 12 ಸಲ ಕುಡಿಯುತ್ತವೆ. ಕುಡಿದಷ್ಟೂ ಹಾಲು ಹುಟ್ಟುತ್ತದೆ. ನಡುವೆ ಬಾಟ್ಲಿ ಬಂದರೆ ಕೂಸು ಎದೆಗೆ ಬರುವುದು ಕಡಿಮೆಯಾಗಿ, ಹಾಲೂ ನಿಜಕ್ಕೂ ಕಡಿಮೆಯಾಗುತ್ತದೆ. ಆಗ ಅದೇ ಜನ ‘ನಾ ಹೇಳಿರಲಿಲ್ಲೇನು?’ ಅಂತಾರೆ!

ಕುಡಿಸುವಾಗ ನೋವಾಗುತ್ತಿದೆಯಾ? ಹಾಗಿದ್ದರೆ ಬಹುಶಃ ಬರೀ ತೊಟ್ಟು ಬಾಯಿಗೆ ಹೋಗುತ್ತಿದೆ, ಅದು ಸಾಲದು. ಸುತ್ತಲಿನ ಕಪ್ಪು ಭಾಗವೂ ಒಳಗೆ ಹೋಗಬೇಕು, ಕೂಸಿನ ಗದ್ದ ಎದೆಗೆ ತಾಗಬೇಕು.

ನಮ್ಮ ಬಿಸಿಲಿಗೆ ‘ಗಂಟಲು ಒಣಗ್ತದ’ ಅಂತ ಚಮಚೆಯಲ್ಲಿ ನೀರು ಬಿಡುವವರಿದ್ದಾರೆ. ಬೇಡ. ತಾಯಿಹಾಲಿನಲ್ಲಿ ನೂರಕ್ಕೆ 87–88 ಪಾಲು ನೀರೇ. ಮೇ ತಿಂಗಳ ಕಲಬುರಗಿಯಲ್ಲೂ 6 ತಿಂಗಳು ತುಂಬುವವರೆಗೆ ಕೂಸಿಗೆ ಬೇರೆ ನೀರು ಬೇಕಿಲ್ಲ. ನೀರು ಬೇಕಾದದ್ದು ಬಾಣಂತಿಗೆ, ಆದರೆ ಕೆಲವು ಮನೆಗಳಲ್ಲಿ ಅವಳಿಗೇ ಅಳೆದು ಕೊಡುತ್ತಾರೆ! ಬಾಯಾರಿದಷ್ಟು ಕುಡಿಯಿರಿ.

ಗಾಬರಿಯಾದರೆ ಹಾಲು ಇಳಿಯುವುದು ತಡವಾಗುತ್ತದೆ. ಹಾಲು ಬತ್ತಿತು ಅಂತ ಅದರರ್ಥವಲ್ಲ. ಅದಕ್ಕೇ ನಿಮ್ಮ ಅವ್ವನಿಗೆ ಒಂದು ಕೆಲಸ ಒಪ್ಪಿಸಿ: ಸಂಜೆ ಬಂದವರನ್ನು ಪಡಸಾಲೆಯಲ್ಲೇ ಕೂರಿಸಿ, ಚಹಾ ಕೊಟ್ಟು ಕಳಿಸಲಿ. ಒಳಗೆ ನೀವು, ಕೂಸು, ಬೇಕಾದರೆ ಬೆನ್ನಿಗೊಂದು ದಿಂಬು.

ಬಟ್ಟೆ ಒದ್ದೆಯಾಗುವುದು ಕಡಿಮೆಯಾದರೆ, ತೂಕ ಬರದಿದ್ದರೆ, ಕೂಸು ಕುಡಿಯಲೂ ಏಳದೆ ಮಂಕಾಗಿದ್ದರೆ ಕಾಯಬೇಡಿ. ಅವತ್ತೇ ದವಾಖಾನೆಗೆ ಹೋಗಿ. ಡಾಕ್ಟರ್ ಹೊರಗಿನ ಹಾಲು ಬೇಕೆಂದರೆ ಕೊಡಿ, ಆದರೆ ಬಾಟ್ಲಿಯಲ್ಲಲ್ಲ. ಮನೆಯಲ್ಲಿ ಹಳೇ ಒಳಲೆ (ಕೂಸಿಗೆ ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲು) ಇದ್ದರೆ ಚೆನ್ನಾಗಿ ಕುದಿಸಿ, ಅದರಲ್ಲೇ ಕುಡಿಸಿ. ಎದೆಗೂ ಹಾಕುತ್ತಿರಿ.